ಧೂಳುಹುಳದ ಅಲರ್ಜಿ: ಮಗುವಿಗೆ ಇಂಜೆಕ್ಷನ್ನೋ, ನಾಲಿಗೆ ಕೆಳಗಿನ ಹನಿಯೋ?

ಶಿರಸಿಯ ಮಳೆಗಾಲದಲ್ಲಿ ಹಾಸಿಗೆ, ಕಂಬಳಿ ಎಲ್ಲ ಥಂಡಿ ಹಿಡಿಯುತ್ತವೆ. ಹಾಸಿಗೆಯ ಧೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುಹುಳ ಹೆಚ್ಚುವುದೇ ಈ ತೇವದಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಮಗುವಿಗೆ ಸಾಲು ಸಾಲು ಸೀನು. ಪರೀಕ್ಷೆಯಲ್ಲಿ ಧೂಳುಹುಳವೇ ಕಾರಣ ಅಂತ ಖಾತ್ರಿಯಾಗಿ, ವೈದ್ಯರು ಇಮ್ಯುನೋಥೆರಪಿ ಹೇಳಿದ್ದರೆ ಇದನ್ನು ಓದಿ.

ಇಮ್ಯುನೋಥೆರಪಿಯನ್ನು ಇಂಜೆಕ್ಷನ್ ಆಗಿ ಕೊಡಬಹುದು, ಇಲ್ಲವೇ ನಾಲಿಗೆ ಕೆಳಗೆ ಹನಿಯಾಗಿ. ಎರಡೂ ಮಾಡುವ ಕೆಲಸ ಒಂದೇ. ಹುಳದ ಸಾರವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವುದು. ಸಾಮಾನ್ಯವಾಗಿ 5 ವರ್ಷ ದಾಟಿದ ಮಕ್ಕಳಿಗೆ, 3ರಿಂದ 5 ವರ್ಷ ಕೊಡುತ್ತಾರೆ.

ಇಂಜೆಕ್ಷನ್ ಮೊದಲ ಕೆಲವು ತಿಂಗಳು ಹೆಚ್ಚಾಗಿ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಪ್ರತಿ ಸಲವೂ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಬೇಕು. ಅಪರೂಪಕ್ಕೆ ಉಸಿರು ಕಟ್ಟುವಂಥ ರಿಯಾಕ್ಷನ್ ಆಗಬಹುದು. ಬಸ್ಸಿಗೆ ಹೊತ್ತಾಯಿತು ಅಂತ ದಯವಿಟ್ಟು ಬೇಗ ಎದ್ದು ಬರಬೇಡಿ. ಅಲರ್ಜಿ ತಜ್ಞರಿಗಾಗಿ ಹುಬ್ಬಳ್ಳಿಗೇ ಹೋಗುವವರಾದರೆ ಒಂದು ಕಡೆಗೇ ಸುಮಾರು 100 ಕಿ.ಮೀ. ಮಗುವಿನ ಶಾಲೆ, ನಿಮ್ಮ ಕೆಲಸ ಎರಡೂ ತಪ್ಪುತ್ತವೆ, ಅಲ್ವಾ?

ಹನಿಯ ಮೊದಲ ಡೋಸ್ ವೈದ್ಯರ ಎದುರು, ಆಮೇಲೆ ದಿನಾ ಮನೆಯಲ್ಲೇ. ನಾಲಿಗೆ ಕೆಳಗೆ ಒಂದೆರಡು ನಿಮಿಷ ಇಟ್ಟು ನುಂಗಬೇಕು. ಶುರುವಿನಲ್ಲಿ ಬಾಯಿ ತುರಿಸುವುದು ಮಾಮೂಲು. ಜೋರಾದ ರಿಯಾಕ್ಷನ್ ಇಂಜೆಕ್ಷನ್‌ಗಿಂತ ಕಡಿಮೆ. ಆದರೆ ದಿನಾ ಮರೆಯದೆ ಹಾಕುವುದೇ ಕಷ್ಟ. ಎಷ್ಟೋ ಮನೆಗಳಲ್ಲಿ ಅರ್ಧಕ್ಕೇ ನಿಂತುಹೋಗುತ್ತದೆ.

ಘಟ್ಟದ ಮೇಲಿನ ಹಳ್ಳಿಯವರಿಗೆ, ಸೂಜಿಗೆ ಹೆದರುವ ಮಗುವಿಗೆ ನಾನು ಹನಿಯನ್ನೇ ಹೇಳುತ್ತೇನೆ. ಆಸ್ಪತ್ರೆ ಹತ್ತಿರವಿದ್ದು, ದಿನದ ಔಷಧಿ ತಪ್ಪಿಹೋಗುವ ಮನೆಯಾದರೆ ಇಂಜೆಕ್ಷನ್ ವಾಸಿ. ಅಸ್ತಮಾ ಹತೋಟಿಗೆ ಬಾರದ ಮಗುವಿಗೆ ಸದ್ಯಕ್ಕೆ ಎರಡೂ ಬೇಡ, ಮೊದಲು ಅಸ್ತಮಾಕ್ಕೆ ಚಿಕಿತ್ಸೆ ಆಗಲಿ.