ಒಳಗಿರುವವರಿಗೊಂದು, ಹೊರಗಿರುವವರಿಗೊಂದು: ಹಾರೆ, ರೆಕಿಂಗ್ ಬಾರ್, ಹ್ಯಾಲಿಗನ್ ಮತ್ತು ಸಮ್ಮಟಿಗೆಯ ಹೋಲಿಕೆ

ಮಲೆನಾಡಿನ ನಮ್ಮ ಹಳೆಯ ಮನೆಯನ್ನು ಕಳೆದ ಬೇಸಿಗೆಯಲ್ಲಿ ಕೆಡವಬೇಕಾಗಿ ಬಂದಾಗ, ಜೆಸಿಬಿ ಅಂಗಳಕ್ಕೆ ಬರುವ ಮೊದಲು ಎರಡು ದಿನ ಮನೆಯನ್ನು ನನಗೆ ಬಿಟ್ಟುಕೊಡುವಂತೆ ಗುತ್ತಿಗೆದಾರರನ್ನು ಕೇಳಿಕೊಂಡೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿ ರಸ್ತೆಗಳು ಕಡಿದುಹೋದ ಮೇಲೆ, ಹೊರಗಿನ ನೆರವು ತಲುಪುವವರೆಗೆ ಮನೆಯವರೂ ನೆರೆಯವರೂ ತಮ್ಮ ಕೈಯಲ್ಲಿರುವುದರಿಂದಲೇ ಏನಾದರೂ ಮಾಡಬೇಕಾಗುತ್ತದೆ ಎಂಬ ಯೋಚನೆ ನನ್ನನ್ನು ಬಿಟ್ಟಿರಲಿಲ್ಲ. ಅಂಥ ಹೊತ್ತಿನಲ್ಲಿ ಬಾಗಿಲು, ಗೋಡೆ, ತೊಲೆಗಳ ಮೇಲೆ ಯಾವ ಕೈಸಾಧನ ನಡೆಯುತ್ತದೆಂದು ನೋಡಲು, ಕೆಡವಲಿರುವ ಮನೆಗಿಂತ ಒಳ್ಳೆಯ ಪರೀಕ್ಷಾಸ್ಥಳ ಸಿಗುವುದಿಲ್ಲ. ಮುಂಭಾಗದಲ್ಲಿ ಮಣ್ಣಿನ ಗೋಡೆ, ಹಲಸಿನ ಮರದ ದಾರಂದ, ಮಂಗಳೂರು ಹೆಂಚು. ಹಿಂಭಾಗದಲ್ಲಿ ಅನಂತರ ಸೇರಿಸಿದ ಸಿಮೆಂಟ್ ಬ್ಲಾಕಿನ ಎರಡು ಕೋಣೆ, ಫ್ಲಷ್ ಬಾಗಿಲು, ಗ್ರಿಲ್ ಹಾಕಿದ ಕಿಟಕಿ. ವಿದ್ಯುತ್ ಸಂಪರ್ಕವನ್ನು ತೆಗೆಸಿ, ಗ್ಯಾಸ್ ಸಿಲಿಂಡರನ್ನು ಹೊರಗೆ ಸಾಗಿಸಿದ ಮೇಲೆಯೇ ಕೆಲಸ ಆರಂಭಿಸಿದೆ. ಜೊತೆಗೆ ತಮ್ಮನಿದ್ದ.

ಮೊದಲನೆಯದು ಮನೆಯಲ್ಲೇ ಇದ್ದ ಐದಡಿ ಉದ್ದದ ಹಾರೆ. ಇದನ್ನು ಕೆಲವರು ಗಡಾರಿ ಎನ್ನುತ್ತಾರೆ, ಕೆಲವರು ಸಬ್ಬಲ್ ಎನ್ನುತ್ತಾರೆ. ಒಂದು ಅಂಗುಲ ದಪ್ಪದ, ಸುಮಾರು ಆರು ಕಿಲೋ ತೂಕದ ಈ ಕಬ್ಬಿಣದ ಬಲವೆಲ್ಲ ಅದರ ಉದ್ದದಲ್ಲಿದೆ. ತುದಿಯಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಕಲ್ಲೊಂದನ್ನು ಒತ್ತಾಗಿ ಇಟ್ಟರೆ, ಇತ್ತ ಸುಮಾರು 140 ಸೆಂಟಿಮೀಟರ್ ಉಳಿಯುತ್ತದೆ. ಅಂದರೆ ನಾವು 40 ಕಿಲೋ ಭಾರ ಹಾಕಿದರೆ ಆ ಕಡೆ ಐನೂರು ಕಿಲೋಗೂ ಮಿಕ್ಕಿದ ತೂಕ ಮೇಲೇಳಬಲ್ಲದು. ನೆಲಕ್ಕೆ ಇಳಿಸಿದ್ದ ಹಲಸಿನ ತೊಲೆಯನ್ನು ನಾನೊಬ್ಬನೇ ಅರ್ಧ ಅಡಿ ಎತ್ತಿದೆ. ಒಂದೇ ಸಲಕ್ಕೆ ಅಲ್ಲ. ಎರಡು ಅಂಗುಲ ಎದ್ದಾಗಲೆಲ್ಲ ತೊಲೆಯ ಕೆಳಗೆ ತಮ್ಮ ಮರದ ತುಂಡು ತಳ್ಳುತ್ತಿದ್ದ, ಅದರ ಮೇಲೆ ಭಾರ ನಿಲ್ಲಿಸಿ ನಾನು ಒತ್ತುಗಲ್ಲನ್ನು ಎತ್ತರಿಸಿಕೊಳ್ಳುತ್ತಿದ್ದೆ. ಹೀಗೆ ಮರದ ತುಂಡುಗಳನ್ನು ಕೊಡುತ್ತ ಹೋಗದೆ ಬರೀ ಹಾರೆಯನ್ನು ನಂಬಿದರೆ, ಅದು ಜಾರಿದ ಕ್ಷಣದಲ್ಲಿ ಕೆಳಗೆ ಸಿಕ್ಕಿಕೊಂಡವರ ಮೇಲೆ ಪೂರ್ಣ ತೂಕ ಮತ್ತೊಮ್ಮೆ ಬೀಳುತ್ತದೆ. ಮಣ್ಣಿನ ಗೋಡೆಗೂ ಹಾರೆಗೆ ಸಾಟಿಯಿಲ್ಲ. ಸಮ್ಮಟಿಗೆಯ ಪೆಟ್ಟನ್ನು ಮಣ್ಣು ನುಂಗಿಕೊಂಡರೆ, ಹಾರೆಯ ಮೊನೆ ಒಳಗಿಳಿದು ಹೆಂಟೆಹೆಂಟೆಯಾಗಿ ಕೀಳುತ್ತದೆ.

ಆದರೆ ಇದೇ ಹಾರೆಯನ್ನು ಹಿಡಿದುಕೊಂಡು ನಾಲ್ಕಡಿ ಅಗಲದ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಸಿಕೊಂಡಾಗ ನನ್ನ ಅಭಿಪ್ರಾಯ ಬದಲಾಯಿತು. ತಮ್ಮ ಹೊರಗಿನಿಂದ ಅಗುಳಿ ಹಾಕಿ ನಗುತ್ತಿದ್ದ. ಒಳಗೆ ಹಾರೆಯನ್ನು ಅಡ್ಡ ತಿರುಗಿಸಲೂ ಜಾಗವಿರಲಿಲ್ಲ. ತುದಿಯನ್ನು ಬಾಗಿಲಿನ ಸಂದಿಗೆ ತರುವಷ್ಟರಲ್ಲಿ ಹಿಂದಿನ ತುದಿ ಗೋಡೆಗೆ ತಾಗುತ್ತಿತ್ತು. ಸಿಕ್ಕಿಬಿದ್ದವರ ಕೈಗೆ ಬೇಕಾದದ್ದೂ ಬಿಡಿಸಲು ಬಂದವರ ಕೈಗೆ ಬೇಕಾದದ್ದೂ ಒಂದೇ ಅಲ್ಲವೆಂಬುದನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಬಲವಾದದ್ದು ಯಾವುದು ಎಂದಷ್ಟೇ ಅಂಗಡಿಯಲ್ಲಿ ಕೇಳಿದ್ದೆ.

ಒಳಗಿನ ಕೆಲಸಕ್ಕೆ ಗೆದ್ದದ್ದು ಮೂವತ್ತು ಇಂಚಿನ ರೆಕಿಂಗ್ ಬಾರ್. ಸೆಂಟ್ರಿಂಗ್ ಕೆಲಸದವರು ಹಲಗೆ ಬಿಚ್ಚಲು ಬಳಸುವ, ಒಂದು ತುದಿ ಕೊಕ್ಕೆಯಂತೆ ಬಾಗಿ ಸೀಳಿರುವ, ಇನ್ನೊಂದು ತುದಿ ಉಳಿಯಂತೆ ಚಪ್ಪಟೆಯಾಗಿರುವ ಕಬ್ಬಿಣವಿದು. ತೂಕ ಎರಡು ಕಿಲೋಗಿಂತ ತುಸು ಹೆಚ್ಚು. ಹಾರೆಯ ಅರ್ಧದಷ್ಟೇ ಉದ್ದವಿದ್ದರೂ, ಬಾಗಿದ ಹಿಮ್ಮಡಿಯೇ ಒತ್ತಾಗಿ ತುದಿಗೆ ತೀರ ಹತ್ತಿರದಲ್ಲಿ ಕೂರುವುದರಿಂದ, ಕಿರಿದಾದ ಸಂದಿಯಲ್ಲಿ ಇದರ ಬಲ ಹಾರೆಗೆ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಎತ್ತುವ ಎತ್ತರ ಮಾತ್ರ. ನಮ್ಮ ಬಾಗಿಲುಗಳು ಬಹುತೇಕ ಒಳಕ್ಕೆ ತೆರೆಯುವುದರಿಂದ ಕೀಲುಗಳೂ ಒಳಗೇ ಇರುತ್ತವೆ. ಚಪ್ಪಟೆ ತುದಿಯನ್ನು ಕೀಲಿನ ಪಟ್ಟಿಯ ಹಿಂದೆ ತೂರಿಸಿ ಮೀಟಿದಾಗ ಫ್ಲಷ್ ಬಾಗಿಲಿನ ಸ್ಕ್ರೂಗಳು ಒಂದೊಂದಾಗಿ ಕಿತ್ತು ಬಂದವು. ಹಲಸಿನ ದಾರಂದದಲ್ಲಿ ಈ ಉಪಾಯ ನಡೆಯಲಿಲ್ಲ. ಅಲ್ಲಿ ಸ್ಕ್ರೂಗಳನ್ನು ಮರವೇ ಬಿಡಲಿಲ್ಲ.

ಹ್ಯಾಲಿಗನ್ ಬಾರ್ ಬಗ್ಗೆ ನನಗಿದ್ದ ಆಸೆಯೇ ಬೇರೆ. ನ್ಯೂಯಾರ್ಕ್ ಅಗ್ನಿಶಾಮಕ ದಳದ ಅಧಿಕಾರಿ ಹ್ಯೂ ಹ್ಯಾಲಿಗನ್ 1940ರ ದಶಕದಲ್ಲಿ ರೂಪಿಸಿದ ಈ ಸಾಧನದಲ್ಲಿ ಒಂದು ಕಡೆ ಕವಲು, ಇನ್ನೊಂದು ಕಡೆ ಅಗಲವಾದ ಬಾಚಿಯಂಥ ಅಲಗು ಮತ್ತು ಅದಕ್ಕೆ ಅಡ್ಡವಾಗಿ ಚೂಪಾದ ಕೊಂಬು ಇರುತ್ತವೆ. ಕವಲನ್ನು ಬಾಗಿಲಿನ ಸಂದಿಗೆ ಹೊಗಿಸಲು ಎರಡನೆಯವರು ಸುತ್ತಿಗೆಯಿಂದಲೋ ಕೊಡಲಿಯ ಹಿಂಬದಿಯಿಂದಲೋ ಬಡಿಯಬೇಕು. ಅಂದರೆ ಇದು ಮೂಲತಃ ಜೋಡಿಯಾಗಿ ಕೆಲಸ ಮಾಡುವವರ ಸಾಧನ, ಒಂಟಿಯಾಗಿ ಸಿಕ್ಕಿಕೊಂಡವರದ್ದಲ್ಲ. ಅಗ್ನಿಶಾಮಕರು ಬಳಸುವ, ಒಂದೇ ಉಕ್ಕಿನಿಂದ ಬಡಿದು ಮಾಡಿದ್ದು ದುಬಾರಿಯೆಂದು ನಾನು ತರಿಸಿದ್ದು ತುದಿಗಳನ್ನು ಬೆಸೆದ ಅಗ್ಗದ ನಕಲು. ಹಲಸಿನ ದಾರಂದದಲ್ಲಿ ಬಾಗಿಲು ಕೂರುವ ಕಚ್ಚು ಅದೇ ಮರದಲ್ಲಿ ಕೆತ್ತಿದ್ದಾದ್ದರಿಂದ ಸುಲಭಕ್ಕೆ ಸೀಳಲಿಲ್ಲ. ತಮ್ಮ ನಾಲ್ಕನೆಯ ಪೆಟ್ಟು ಹಾಕಿದಾಗ ಬೆಸುಗೆಯೇ ಬಿರುಕು ಬಿಟ್ಟಿತು. ಅದು ಹ್ಯಾಲಿಗನ್‌ನ ತಪ್ಪಲ್ಲ, ನನ್ನ ಜಿಪುಣತನದ್ದು.

ಸಮ್ಮಟಿಗೆಯ ಮಾತು ಚಿಕ್ಕದು. ನಾಲ್ಕು ಕಿಲೋ ತೂಕದ್ದು, ಹೊರಗಿನಿಂದ ಫ್ಲಷ್ ಬಾಗಿಲಿನ ಚಿಲಕದ ನೇರಕ್ಕೆ ಮೂರು ಪೆಟ್ಟು ಹಾಕಿದಾಗ ಚಿಲಕ ಕಿತ್ತು ಬಾಗಿಲು ತೆರೆದುಕೊಂಡಿತು. ಇಷ್ಟು ಬೇಗ ಬೇರಾವುದೂ ಕೆಲಸ ಮಾಡಲಿಲ್ಲ. ನಾಲ್ಕು ಇಂಚಿನ ಬ್ಲಾಕ್ ಗೋಡೆಯಲ್ಲಿಯೂ ಮನುಷ್ಯ ನುಸುಳುವಷ್ಟು ಕಂಡಿಯಾಯಿತು, ಆದರೆ ಹೊತ್ತು ಹಿಡಿಯಿತು. ಕಣ್ಣಿಗೆ ಕನ್ನಡಕವಿಲ್ಲದೆ ಇದನ್ನು ಬೀಸಬಾರದು. ಮೇಲಿನ ಭಾರ ಹೊತ್ತ ಗೋಡೆ ಯಾವುದು, ಬರೀ ಅಡ್ಡಗೋಡೆ ಯಾವುದು ಎಂಬುದನ್ನು ಮೊದಲೇ ತಿಳಿದಿಟ್ಟುಕೊಂಡಿರಬೇಕು. ಕಾಂಕ್ರೀಟ್ ತಾರಸಿಯ ಮೇಲೆ ಇವುಗಳಲ್ಲಿ ಯಾವುದರ ಆಟವೂ ನಡೆಯುವುದಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಬಹುಮಹಡಿ ಕಟ್ಟಡ ಕುಸಿದಾಗಿನಂಥ ಅವಶೇಷಗಳಿಗೆ ಯಂತ್ರಗಳೂ ತರಬೇತಾದವರೂ ಬೇಕು. ಹಾರೆ ಹಿಡಿದು ಅಂಥ ರಾಶಿಯನ್ನು ಹತ್ತಿದರೆ ಕೆಳಗಿರುವವರಿಗೇ ಅಪಾಯ.

ಎಲ್ಲವನ್ನೂ ಸೋಲಿಸಿದ್ದು ಕಿಟಕಿಯ ಗ್ರಿಲ್. ಕಳ್ಳರಿಗಾಗಿ ಹಾಕಿಸಿದ 12 ಮಿ.ಮೀ. ಚೌಕ ಸರಳುಗಳ ಕಾಲುಗಳು ಗೋಡೆಯೊಳಗೆ ಹೂತಿದ್ದವು. ರೆಕಿಂಗ್ ಬಾರ್ ಸರಳನ್ನು ತುಸು ಬಾಗಿಸಿತು, ಅಷ್ಟೇ. ಹಾರೆ ಹಾಕಿ ಇಬ್ಬರೂ ಜೋತುಬಿದ್ದರೂ ತಲೆ ತೂರುವಷ್ಟು ಸಂದಿಯಾಗಲಿಲ್ಲ. ಇಪ್ಪತ್ತನಾಲ್ಕು ಇಂಚಿನ ಬೋಲ್ಟ್ ಕಟರ್ ಕೂಡ ಅಷ್ಟು ದಪ್ಪಕ್ಕೆ ಸೋತಿತು. ಕೊನೆಗೆ ದಾರಿ ಮಾಡಿದ್ದು ಪ್ಲಂಬರ್‌ಗಳ ಚೀಲದಲ್ಲಿರುವ ಸಾಮಾನ್ಯ ಹ್ಯಾಕ್ಸಾ, ಒಂದು ಕೊಯ್ತಕ್ಕೆ ಸುಮಾರು ಆರು ನಿಮಿಷದಂತೆ. ಬೆಂಕಿಯ ಹೊಗೆ ತುಂಬಿದ ಕೋಣೆಯಲ್ಲಿ ಆರು ನಿಮಿಷ ಯಾರಿಗೂ ಸಿಗುವುದಿಲ್ಲವಾದ್ದರಿಂದ, ಹೊಸ ಮನೆಯ ಪ್ರತಿ ಮಲಗುವ ಕೋಣೆಯಲ್ಲಿ ಒಂದು ಗ್ರಿಲ್‌ಗಾದರೂ ಕೀಲು ಹಾಕಿಸಿ, ಒಳಗಿನಿಂದ ಬಾಗಿಲಿನಂತೆ ತೆರೆಯುವ ಹಾಗೆ ಮಾಡಿಸಲು ಹೇಳಿದ್ದೇನೆ.

ಈಗ ರೆಕಿಂಗ್ ಬಾರ್ ನನ್ನ ಮಂಚದ ಕೆಳಗಿದೆ, ಪಕ್ಕದಲ್ಲಿ ಕೈಗವಸು ಮತ್ತು ಎರಡು ಬಿಡಿ ಬ್ಲೇಡುಗಳೊಡನೆ ಹ್ಯಾಕ್ಸಾ. ಮೊನೆಗೆ ಕುಲುಮೆಯಲ್ಲಿ ಹೊಸದಾಗಿ ಹದ ಹಾಕಿಸಿದ ಹಾರೆಯೂ ಸಮ್ಮಟಿಗೆಯೂ ಮನೆಯೊಳಗಿಲ್ಲ; ಮನೆ ಕುಸಿದರೂ ನೆರೆಯವರ ಕೈಗೆ ಸಿಗಲೆಂದು ಅಂಗಳದಾಚೆಯ ಸೌದೆ ಕೊಟ್ಟಿಗೆಯಲ್ಲಿ, ಬೀಗವಿಲ್ಲದ ಬಾಗಿಲಿನ ಹಿಂದೆ ಒರಗಿಸಿಟ್ಟಿದ್ದೇನೆ.