ಫೋರ್ವೊ: ಎಸ್-ಸಿ-ಎಚ್ ಓದಲು ಕಿವಿಗೊಂದು ನಿಘಂಟು

ಪದ ಹುಡುಕಿದರೆ ಆ ಭಾಷೆಯವರೇ ಹೇಳಿದ ಧ್ವನಿ ಕೇಳಿಸುವ ಜಾಲತಾಣ ಫೋರ್ವೊ, 2008ರಿಂದ ಇದೆ. ಎಸ್, ಸಿ, ಎಚ್ ಅಕ್ಷರಗಳು ಒಟ್ಟಾಗಿ (sch) ಬರುವ ಪದಗಳಿಗೆ ಮುದ್ರಿತ ನಿಘಂಟಿಗಿಂತ ಇದೇ ವಾಸಿ.

ಜರ್ಮನ್‌ನಲ್ಲಿ ಈ ಜೋಡಣೆ ಸಾಮಾನ್ಯವಾಗಿ ‘ಶ’. ಬೆಂಗಳೂರಿನ ಆಡುಗೋಡಿಯವರಿಗೆ ಗೊತ್ತಿರುವ ‘ಬಾಶ್’ ಕಂಪನಿಯ ಹೆಸರು ಹಾಗೇ. ಅದೇ ಕಾಗುಣಿತದ ಡಚ್ ಊರು ಮಾತ್ರ ‘ಡೆನ್ ಬಾಸ್’, ಏಕೆಂದರೆ ಡಚ್ಚಿನಲ್ಲಿ ಪದದ ಕೊನೆಗೆ ಬಂದರೆ ಬರೀ ‘ಸ್’. ಮೊದಲಿಗೆ ಬಂದರೆ ‘ಸ್’ ಜತೆಗೆ ಗಂಟಲು ಉಜ್ಜುವ ಸದ್ದು: ಸ್ಖಿಪೊಲ್ ವಿಮಾನ ನಿಲ್ದಾಣ. ಇದು ನಮ್ಮ ಮಹಾಪ್ರಾಣ ‘ಖ’ ಅಲ್ಲ, ಉರ್ದುವಿನ ‘ಖಬರ್’ಗೆ ಹತ್ತಿರ, ಬರೆದು ತಿಳಿಸಲಾಗದು, ಕೇಳಲೇಬೇಕು. ಇಟಾಲಿಯನ್ನಿನಲ್ಲಿ ಮುಂದೆ ಇ (e) ಅಥವಾ ಐ (i) ಅಕ್ಷರವಿದ್ದರೆ ‘ಸ್ಕ’. ಮೆನು ನೋಡಿ ನಾವು ‘ಬ್ರುಶೆಟ್ಟಾ’ ಅನ್ನುವ ಸುಟ್ಟ ಬ್ರೆಡ್ಡಿನ ತಿಂಡಿ ನಿಜಕ್ಕೂ ‘ಬ್ರುಸ್ಕೆಟ್ಟಾ’.

ಹುಡುಕಿದಾಗ ಒಂದೇ ಕಾಗುಣಿತ ಹಲವು ಭಾಷೆಗಳ ಕೆಳಗೆ ಸಿಗಬಹುದು. ಮೊದಲು ಕಂಡದ್ದನ್ನೇ ಒತ್ತಿದರೆ ಎಡವಟ್ಟು. ಭಾಷೆ, ಆಮೇಲೆ ಹೇಳಿದವರ ದೇಶ ನೋಡಿ: ‘ಶೆಡ್ಯೂಲ್’ ಬ್ರಿಟನ್ನಿನದು, ‘ಸ್ಕೆಜೂಲ್’ ಅಮೆರಿಕದ್ದು. ಧ್ವನಿ ಕೊಡುವವರು ಬಳಕೆದಾರರೇ ಆದ್ದರಿಂದ ಗುಣಮಟ್ಟ ಏರುಪೇರು. ಎರಡು ಮೂರು ಧ್ವನಿ ಹೋಲಿಸಿ. ನಿಯಮ ಕಲಿಯಲು ಮಾತ್ರ ವ್ಯಾಕರಣ ಪುಸ್ತಕವೇ ಬೇಕು.