ಕಲ್ಲಿದ್ದಲಿನ ಬಾಯ್ಲರಿಗೆ ಕಡಲೆಕಾಯಿ ಸಿಪ್ಪೆಯ ಬ್ರಿಕೆಟ್: ಒಂದು ವರ್ಷದ ಬಳಕೆಯ ನಂತರ

ದೊಡ್ಡಬಳ್ಳಾಪುರದಲ್ಲಿರುವ ನಮ್ಮ ಬಣ್ಣ ಹಾಕುವ ಘಟಕದ ಬಾಯ್ಲರಿಗೆ ಒಂದು ವರ್ಷದಿಂದ ಕಲ್ಲಿದ್ದಲಿನ ಬದಲು ಕಡಲೆಕಾಯಿ ಸಿಪ್ಪೆಯ ಬ್ರಿಕೆಟ್ ಹಾಕುತ್ತಿದ್ದೇವೆ. ಸಿಪ್ಪೆ ಚಳ್ಳಕೆರೆ, ಪಾವಗಡದ ಕಡೆಯದು. ಬೇರೆ ಅಂಟು ಸೇರಿಸದೆ, ಒತ್ತುವಾಗ ಹುಟ್ಟುವ ಬಿಸಿಗೆ ಸಿಪ್ಪೆಯೊಳಗಿನ ಲಿಗ್ನಿನ್ (ಗಿಡದ ನಾರುಗಳನ್ನು ಹಿಡಿದಿಡುವ ಸಹಜ ಅಂಟು) ಮೆತ್ತಗಾಗಿ ತಾನೇ ಹಿಡಿದುಕೊಳ್ಳುವಂತೆ ಮಾಡಿದ, 90 ಮಿಲಿಮೀಟರ್ ದಪ್ಪದ ದುಂಡನೆಯ ತುಂಡುಗಳಿವು.

ಮಾರುವವರು ಟನ್ನಿನ ದರವನ್ನು ಮುಂದಿಡುತ್ತಾರೆ. ಕೊಳ್ಳುವವರು ಲೆಕ್ಕ ಹಾಕಬೇಕಾದದ್ದು ಶಾಖದ ದರವನ್ನು. ಚೆನ್ನಾಗಿ ಒಣಗಿದ ಬ್ರಿಕೆಟ್ ಕಿಲೋಗೆ ಸುಮಾರು 4,000 ಕಿಲೋಕ್ಯಾಲರಿ ಕೊಡುತ್ತದೆ. ನಾವು ಮೊದಲು ತರಿಸುತ್ತಿದ್ದ ಕಲ್ಲಿದ್ದಲು 5,000ಕ್ಕೂ ಮೇಲಿದ್ದುದರಿಂದ, ಅಷ್ಟೇ ಹಬೆಗೆ ಈಗ ಮೊದಲಿನ ತೂಕದ ಮೇಲೆ ಇನ್ನೂ ಕಾಲು ಪಾಲಿಗಿಂತ ಹೆಚ್ಚನ್ನು ಸೇರಿಸಿ ಉರಿಸಬೇಕಾಗುತ್ತದೆ. ಹಾಗೆ ಲೆಕ್ಕ ಹಾಕಿದ ಮೇಲೂ ನಮಗೆ ಉಳಿತಾಯವಿದೆ, ಆದರೆ ಮಾರುವವರು ಹೇಳಿದಷ್ಟಿಲ್ಲ.

ನಿಜವಾದ ತೊಂದರೆ ಇರುವುದು ನೀರಿನಲ್ಲಿ. ಕಲ್ಲಿದ್ದಲು ಮಳೆಯಲ್ಲಿ ನೆನೆದರೂ ಕಲ್ಲಿದ್ದಲಾಗಿಯೇ ಉಳಿಯುತ್ತದೆ; ಬ್ರಿಕೆಟ್ ಮಾತ್ರ ಉಬ್ಬಿ, ಬಿರಿದು, ಮತ್ತೆ ಸಿಪ್ಪೆಯಾಗಿಬಿಡುತ್ತದೆ. ಆಗಸ್ಟಿನಲ್ಲಿ ಟಾರ್ಪಾಲು ಹರಿದ ಲಾರಿಯಲ್ಲಿ ಬಂದ ಒಂದು ಲೋಡನ್ನು ಒಲೆಗೆ ಹಾಕಿದಾಗ ಪ್ರೆಷರ್ ಇಳಿದು, ಬಟ್ಟೆಗೆ ಬಣ್ಣ ಹಾಕುವ ಜಿಗ್ಗರ್ ಯಂತ್ರಗಳು ಅರ್ಧ ದಿನ ನಿಂತವು. ಆರು ಘಟಕಗಳಲ್ಲಿ ನಾಲ್ಕನ್ನು ಮರದ ಪೆಲೆಟ್ಟಿಗೆ (ಮರದ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗೆಗಳಿಗೆ) ಬದಲಾಯಿಸಿದ ಇಂಗ್ಲೆಂಡಿನ ಡ್ರಾಕ್ಸ್ ವಿದ್ಯುತ್ ಸ್ಥಾವರದವರು ಪೆಲೆಟ್ ನೆನೆಯದಂತೆ ದೈತ್ಯ ಗುಮ್ಮಟಗಳನ್ನೇ ಕಟ್ಟಿಸಿದ್ದು ಏಕೆಂಬುದು ಅಂದು ನನಗೆ ಅರ್ಥವಾಯಿತು. ನಾವು ನಮ್ಮ ಕಲ್ಲಿದ್ದಲಿನ ಅಂಗಳಕ್ಕೆ ಶೀಟಿನ ಚಾವಣಿ ಹಾಕಿಸಿದೆವು. ಆ ಖರ್ಚು ಯಾರ ಕೊಟೇಶನ್ನಿನಲ್ಲೂ ಇರಲಿಲ್ಲ.

ಎರಡನೆಯದು ಮಣ್ಣು. ಕಡಲೆಕಾಯಿ ನೆಲದೊಳಗೆ ಬೆಳೆಯುವುದರಿಂದ ಸಿಪ್ಪೆಯ ಜೊತೆಗೆ ಮರಳೂ ಬರುತ್ತದೆ. ಆ ಮರಳು ಬೂದಿಯಲ್ಲಿರುವ ಪೊಟ್ಯಾಶಿಯಮ್ಮಿನೊಂದಿಗೆ ಕರಗಿ, ಜಾಲರಿಯ ಮೇಲೆ ಕ್ಲಿಂಕರ್ ಎಂಬ ಗಾಜಿನಂತಹ ಗಟ್ಟಿ ಹೆಂಟೆಯಾಗಿ ಕೂರುತ್ತದೆ. ಜರಡಿ ಹಿಡಿದ ಸಿಪ್ಪೆಯಿಂದ ಮಾಡಿದ ಮಾಲು ತುಸು ದುಬಾರಿಯಾದರೂ ಅದನ್ನೇ ಕೇಳಿ ಪಡೆಯುವುದು ಮೇಲು.

ವಿದ್ಯುತ್ ಸ್ಥಾವರಗಳ ಸಂಗತಿ ಬೇರೆ. ಅಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಅರೆದು ಊದುವುದರಿಂದ ಇಂತಹ ದಪ್ಪ ತುಂಡುಗಳು ನಡೆಯುವುದಿಲ್ಲ, ಪೆಲೆಟ್ಟೇ ಬೇಕು. 2021ರಲ್ಲಿ ಕೇಂದ್ರ ಇಂಧನ ಸಚಿವಾಲಯವು ಶೇ. 5ರಷ್ಟು ಜೈವಿಕ ಇಂಧನ ಬೆರೆಸಬೇಕೆಂದು ಅವುಗಳಿಗೆ ವಿಧಿಸಿದಾಗ ಅದು ತೀರಾ ಅಲ್ಪವೆಂದು ನಾನು ನಕ್ಕಿದ್ದೆ. ಇಷ್ಟು ಚಿಕ್ಕ ಬಾಯ್ಲರಿನ ಪಾಡು ನೋಡಿದ ಮೇಲೆ ಆ ನಗು ಉಳಿದಿಲ್ಲ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಅರ್ಧ ಅಂಕ ಬೂದಿಗೆ: ಕಲ್ಲಿದ್ದಲಿನ ಬೂದಿ ಸಾಗಿಸಲು ನಾವೇ ಬಾಡಿಗೆ ಕೊಡುತ್ತಿದ್ದೆವು, ಇದನ್ನು ಸುತ್ತಲಿನ ದ್ರಾಕ್ಷಿ ತೋಟದವರು ತಾವೇ ಟ್ರ್ಯಾಕ್ಟರ್ ತಂದು ತುಂಬಿಕೊಂಡು ಹೋಗುತ್ತಾರೆ.